ಮಕ್ಕಳ ಋಣ

ರಾಂಪುರವಿರುವ ಮೊಳಕಾಲ್ಮೂರು ತಾಲ್ಲೂಕಿನಲ್ಲೇ ಬ್ರಹ್ಮಗಿರಿಯಿದೆ. ಅಲ್ಲಿಯ ಬಂಡೆಯ ಮೇಲೆ ಅಶೋಕ ಚಕ್ರವರ್ತಿಯು ಬರೆಯಿಸಿದ ಶಾಸನವನ್ನು ಬಿ. ಎಲ್. ರೈಸ್ ಅವರು 1892ರಲ್ಲಿ ಬೆಳಕಿಗೆ ತಂದರು. ತಾಯ್ತಂದೆಯರ ಮಾತನ್ನು ನಡೆಸಬೇಕು, ಸತ್ಯವನ್ನು ನುಡಿಯಬೇಕು, ಶಿಷ್ಯನು ಗುರುವನ್ನು ಗೌರವಿಸಬೇಕು ಎಂಬುದು ಅದರ ಆದೇಶ. ಮಕ್ಕಳ ಕರ್ತವ್ಯವನ್ನು ಇಷ್ಟು ಸ್ಪಷ್ಟವಾಗಿ ಸಾರುವ ಆ ಬಂಡೆಯು, ಹಿರಿಯರು ಮಕ್ಕಳಿಗೆ ಸಲ್ಲಿಸಬೇಕಾದುದೇನೆಂಬುದನ್ನು ಹೇಳುವುದಿಲ್ಲ. ಈ ಮರೆವು ಅಶೋಕನೊಬ್ಬನದೇ ಅಲ್ಲ. ಛಡಿ ಚಂ ಚಂ, ವಿದ್ಯೆ ಘಂ ಘಂ ಎಂದು ನಂಬಿ ಬಂದ ನಾಡು ಇದು.

ಮಕ್ಕಳಿಗೆ ದೊರೆಯುವ ಅಕ್ಕರೆ ಬರಿಯ ನೀತಿಯ ವಿಷಯವಲ್ಲ, ದೇಹದ ವಿಷಯವೂ ಹೌದೆಂಬುದನ್ನು ವಿಜ್ಞಾನವು ಈಚೆಗೆ ತೋರಿಸಿದೆ. ಕೆನಡಾ ದೇಶದ ಮ್ಯಾಕ್‌ಗಿಲ್ ವಿಶ್ವವಿದ್ಯಾನಿಲಯದಲ್ಲಿ ಮೈಕೇಲ್ ಮೀನೀ ಮತ್ತು ಅವರ ಸಂಗಡಿಗರು ತಾಯಿಲಿಗಳನ್ನು ಗಮನಿಸಿದರು. ಕೆಲವು ಇಲಿಗಳು ಮರಿಗಳನ್ನು ಹೆಚ್ಚಾಗಿ ನೆಕ್ಕಿ ಸವರುತ್ತಿದ್ದವು, ಕೆಲವು ಅಷ್ಟಾಗಿ ಲಕ್ಷಿಸುತ್ತಿರಲಿಲ್ಲ. ಹೆಚ್ಚು ಆರೈಕೆ ಪಡೆದ ಮರಿಗಳು ಬೆಳೆದ ಮೇಲೆ ಸುಲಭವಾಗಿ ಬೆದರುತ್ತಿರಲಿಲ್ಲ. ಇದು ಹುಟ್ಟುಗುಣವಿರಬಹುದಲ್ಲವೆ? ಹಾಗೆಂದು ಸಂದೇಹಪಟ್ಟು ಮರಿಗಳನ್ನು ತಾಯಂದಿರ ನಡುವೆ ಅದಲುಬದಲು ಮಾಡಿದರು. ಹೆತ್ತವಳ ಗುಣಕ್ಕಿಂತ ಸಾಕಿದವಳ ಆರೈಕೆಯೇ ಮರಿಯಲ್ಲಿ ಎದ್ದು ಕಂಡಿತು. ನೆನಪಿಗೆ ಆಧಾರವಾದ ಹಿಪೊಕ್ಯಾಂಪಸ್ ಎಂಬ ಮಿದುಳಿನ ಭಾಗವು ಒತ್ತಡದ ರಸಕ್ಕೆ ‘ಇನ್ನು ಸಾಕು’ ಎಂದು ತಡೆಯೊಡ್ಡುತ್ತದೆ. ಆರೈಕೆ ಪಡೆದ ಮರಿಗಳಲ್ಲಿ ಈ ತಡೆ ಬಲವಾಗಿತ್ತು. 2004ರಲ್ಲಿ ಪ್ರಕಟವಾದ ಅವರ ಲೇಖನವು, ತಾಯಿಯ ಸ್ಪರ್ಶದ ಗುರುತು ವಂಶವಾಹಿಯ ಮೇಲೂ ಉಳಿಯುವುದನ್ನು ತೋರಿಸಿತು.

ಮನುಷ್ಯನು ಇಲಿಯಲ್ಲ, ನಿಜ. ಆದರೆ ಖಿನ್ನತೆಯಿಂದ ಬಳಲುವ ವಯಸ್ಕರಲ್ಲಿ ಹಿಪೊಕ್ಯಾಂಪಸ್ ಸರಾಸರಿಯಲ್ಲಿ ತುಸು ಚಿಕ್ಕದಾಗಿರುವುದು ಕಂಡುಬಂದಿದೆ. ಬಾಲ್ಯದಲ್ಲಿ ಹಿಂಸೆ ಉಂಡವರಲ್ಲಿ ಇದು ಇನ್ನೂ ಸ್ಪಷ್ಟವೆಂದು ಹಲವು ಅಧ್ಯಯನಗಳು ಹೇಳುತ್ತವೆ. ಸರಾಸರಿ ಎಂಬ ಮಾತನ್ನು ಇಲ್ಲಿ ಮರೆಯಬಾರದು. ಒಬ್ಬನ ಮಿದುಳಿನ ಚಿತ್ರವನ್ನು ನೋಡಿ ಅವನ ಬಾಲ್ಯವನ್ನು ಓದಲಾಗದು. ಒಂದೇ ಮನೆಯಲ್ಲಿ ಬೆಳೆದ ಅಣ್ಣತಮ್ಮಂದಿರಲ್ಲಿ ಒಬ್ಬನು ಕುಗ್ಗಿ ಇನ್ನೊಬ್ಬನು ನಗುತ್ತಿರುವುದೂ ಉಂಟು.

ಆಸ್ಟ್ರೇಲಿಯದ ಗಾರ್ಡನ್ ಪಾರ್ಕರ್ ಮತ್ತು ಸಂಗಡಿಗರು 1979ರಲ್ಲಿ ಪಾಲನೆಯನ್ನು ಅಕ್ಕರೆ, ಹತೋಟಿ ಎಂಬ ಎರಡು ಅಳತೆಗಳಿಂದ ಅಳೆಯಲು ಪ್ರಶ್ನಾವಳಿಯೊಂದನ್ನು ರಚಿಸಿದರು. ಅಕ್ಕರೆಯಿಲ್ಲದ ಹತೋಟಿಯೇ ಮುಂದಿನ ಖಿನ್ನತೆಯೊಡನೆ ಹೆಚ್ಚು ಕೂಡಿಬರುತ್ತದೆ. ಖಿನ್ನನಾದವನ ನೆನಪೂ ಕಪ್ಪಾಗಿರಬಹುದಾದ್ದರಿಂದ ಇಂಥ ಉತ್ತರಗಳನ್ನು ಎಚ್ಚರದಿಂದ ಓದಬೇಕು. ಆದರೂ ಮಕ್ಕಳನ್ನು ಅಂಕೆಯಲ್ಲಿಡುವುದು ತಪ್ಪೆಂದು ಯಾರೂ ಹೇಳಿಲ್ಲ. ಅಂಕೆಯ ಹಿಂದೆ ಮಮತೆಯಿಲ್ಲದಿರುವುದೇ ತಪ್ಪು. 2009ರ ಶಿಕ್ಷಣ ಹಕ್ಕು ಕಾಯಿದೆಯು ಶಾಲೆಯಲ್ಲಿ ಬೆತ್ತವನ್ನು ನಿಷೇಧಿಸಿತು. ಮನೆಯೊಳಗಿನ ಬೆತ್ತ ಮಾತ್ರ ಹಲವೆಡೆ ಇನ್ನೂ ಮೂಲೆಯಲ್ಲಿ ನಿಂತೇ ಇದೆ.

ಹಾಗೆಂದು ಎಲ್ಲವನ್ನೂ ತಾಯಿಯ ತಲೆಗೆ ಕಟ್ಟುವುದು ಅನ್ಯಾಯ. ಮಳೆ ಕೈಕೊಡುವ ಈ ಸೀಮೆಯಲ್ಲಿ ನಸುಕಿನಲ್ಲೇ ಶೇಂಗಾ ಹೊಲಕ್ಕೆ ಕಳೆ ತೆಗೆಯಲು ಹೋಗಿ ದೀಪ ಹಚ್ಚುವ ಹೊತ್ತಿಗೆ ಮರಳುವ ತಾಯಿಯು ಮಗುವನ್ನು ಕಡೆಗಣಿಸಿದವಳಲ್ಲ. ಅಜ್ಜಿಯ ಮಡಿಲು, ಅಕ್ಕನ ಸೊಂಟ, ಅಂಗನವಾಡಿಯ ಅಂಗಳ ಇವೂ ಆರೈಕೆಯೇ. ಮೇಲೆ ಹೇಳಿದ ಇಲಿಗಳೂ ಬಸಿರಿನಲ್ಲಿ ಸಂಕಟಕ್ಕೆ ಸಿಕ್ಕಿದಾಗ ಮರಿಗಳನ್ನು ನೆಕ್ಕುವುದು ಕಡಿಮೆಯಾಯಿತು. ಸಾಲದಲ್ಲಿ ನರಳುವ ಮನೆಗೆ ಅಕ್ಕರೆಯ ಉಪದೇಶವನ್ನಷ್ಟೇ ಕಳುಹಿಸುವವರು ಇದನ್ನು ಗಮನಿಸುವುದು ಒಳ್ಳೆಯದು.

ಬಾಲ್ಯದ ಗಾಯವು ಹಣೆಬರಹವೂ ಅಲ್ಲ. ಖಿನ್ನತೆಗೆ ಮದ್ದೂ ಇದೆ, ಮಾತಿನ ಚಿಕಿತ್ಸೆಯೂ ಇದೆ. ರಾಂಪುರದವರಿಗೆ ನೆರೆಯದಾದ ಬಳ್ಳಾರಿ ಜಿಲ್ಲೆಯಲ್ಲಿ 1985ರಿಂದ 1990ರವರೆಗೆ ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯು ಪ್ರಾಥಮಿಕ ಆರೋಗ್ಯ ಕೇಂದ್ರಗಳ ವೈದ್ಯರಿಗೂ ಕಾರ್ಯಕರ್ತರಿಗೂ ಮನೋರೋಗಗಳನ್ನು ಗುರುತಿಸಿ ಚಿಕಿತ್ಸೆ ಕೊಡುವ ತರಬೇತಿ ನೀಡಿತು. ಆ ಮಾದರಿಯನ್ನೇ ಆಧರಿಸಿ 1996ರಲ್ಲಿ ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಆರಂಭವಾಯಿತು. 2022ರಿಂದ 14416 ಎಂಬ ಉಚಿತ ದೂರವಾಣಿ ಸಂಖ್ಯೆಗೆ ಕರೆಮಾಡಿ ಕನ್ನಡದಲ್ಲೇ ನೆರವನ್ನು ಕೇಳಬಹುದಾಗಿದೆ. ಗಾಳಿ ಸೋಕಿತೆಂದು ತಾಯಿತ ಕಟ್ಟಿಸಿ ಮನೆಯ ಕತ್ತಲ ಕೋಣೆಯಲ್ಲಿ ಕೂರಿಸಲಾದವರು ಆ ಸಂಖ್ಯೆಯನ್ನು ತಾವಾಗಿ ಹುಡುಕಲಾರರು. ಮನೆಯ ಓದುವ ಹುಡುಗನೋ ಹುಡುಗಿಯೋ ಅವರಿಗಾಗಿ ಕರೆಮಾಡಬೇಕಾಗುತ್ತದೆ.