ನೋಡುವವನ ಋಣ

ಬ್ಲಫ್ ಎಂಬುದು ಇಂಗ್ಲಿಷಿನಲ್ಲಿ ಕಡಿದಾದ ದಿಬ್ಬಕ್ಕೆ ಸಲ್ಲುವ ಮಾತು. ಮಳವಳ್ಳಿಯ ಸೀಮೆಯಲ್ಲಿ ಅದು ಒಂದು ಊರಿನ ಹೆಸರೇ ಆಗಿಬಿಟ್ಟಿದೆ. ಆ ದಿಬ್ಬದ ಅಂಚಿನಲ್ಲಿ ನಿಂತವನಿಗೆ ಎದುರು ಗಗನಚುಕ್ಕಿ, ಅದರಾಚೆಗೆ ಕಾವೇರಿಯ ಎರಡು ಕವಲುಗಳ ತೋಳಿನಲ್ಲಿ ಮಲಗಿರುವ ಶಿವನಸಮುದ್ರದ ನಡುಗಡ್ಡೆ. ಮಳೆಗಾಲದ ಭಾನುವಾರಗಳಲ್ಲಿ ಬರುವವರು ಧುಮುಕುವ ನೀರನ್ನು ಕಂಡು, ಬೆರಗಾಗಿ, ಚಿತ್ರ ಹಿಡಿದು, ಸುಟ್ಟ ಜೋಳದ ತೆನೆ ತಿಂದು ಮರಳುವರು. ಬೇಸಗೆಯಲ್ಲಿ ಬಂದವರು ಕರಿಬಂಡೆಗಳನ್ನು ನೋಡಿ, “ನೀರೇ ಇಲ್ಲ, ಬಂದದ್ದು ದಂಡ” ಎಂದು ಗೊಣಗಿ ಬಸ್ಸು ಹತ್ತುವರು. ಈ ಉಭಯರಲ್ಲಿ ಶಿವನಸಮುದ್ರವನ್ನು ಕಂಡವರು ಯಾರು? ಒಂದು ಸ್ಥಳವನ್ನು ನೋಡಿದೆನೆಂದು ಹೇಳಿಕೊಳ್ಳುವ ಅಧಿಕಾರ ಪ್ರವಾಸಿಗೆ ಯಾವುದರಿಂದ ಪ್ರಾಪ್ತವಾಗುತ್ತದೆ?

ಜಲಪಾತವೊಂದೇ ಇಲ್ಲಿ ನೋಡತಕ್ಕ ವಸ್ತುವೆಂದು ಭಾವಿಸುವವನು ಮರೆಯುವುದೇನೆಂದರೆ, ಈ ನಡುಗಡ್ಡೆ ಒಂದು ಕಾಲಕ್ಕೆ ಕೋಟೆಕೊತ್ತಲಗಳಿಂದ ಕೂಡಿದ ಪಟ್ಟಣವಾಗಿದ್ದಿತೆಂಬುದು. ಉಮ್ಮತ್ತೂರಿನ ಪಾಳೆಯಗಾರ ಗಂಗರಾಜನಿಗೆ ಅದು ಕಡೆಯ ಆಶ್ರಯ. ಹದಿನಾರನೆಯ ಶತಮಾನದ ಆರಂಭದಲ್ಲಿ, ಪಟ್ಟವೇರಿದ ಹೊಸತರಲ್ಲಿಯೇ ದಂಡೆತ್ತಿ ಬಂದ ಕೃಷ್ಣದೇವರಾಯನಿಗೆ ಸೋತು, ಯಾವ ಹೊಳೆ ತನ್ನನ್ನು ಕಾಯುವುದೆಂದು ನಂಬಿದ್ದನೋ ಆ ಹೊಳೆಯಲ್ಲಿಯೇ ಅವನು ಮುಳುಗಿಹೋದನಂತೆ. ಊರು ಹಾಳಾಗಿ, ಕಾಡು ಬೆಳೆದು, ರಂಗನಾಥ ಸೋಮೇಶ್ವರರ ಗುಡಿಗಳು ಉಳಿದುವು. ಮುಂದೆ ಹತ್ತೊಂಬತ್ತನೆಯ ಶತಮಾನದಲ್ಲಿ ರಾಮಸ್ವಾಮಿ ಮೊದಲಿಯಾರ್ ಎಂಬ ದಾನಿ ಗುಡಿಗಳನ್ನು ಜೀರ್ಣೋದ್ಧಾರಗೊಳಿಸಿ, ಹೊಳೆಯ ಬಂಡೆಯ ಮೇಲೆ ಕಲ್ಲಿನ ಕಂಬಗಳನ್ನು ನಿಲ್ಲಿಸಿ ಸೇತುವೆ ಕಟ್ಟಿಸಿದನು. ನೀರು ಮಾತ್ರ ಕೂಗಿ ಕರೆಯುತ್ತದೆ, ಊರು ಕರೆಯುವುದಿಲ್ಲ. ಕರೆಯದಿರುವುದನ್ನು ತಾನಾಗಿ ಅರಸಿ ಹೋಗುವವನಿಗಷ್ಟೆ ಅದು ಕಾಣಿಸುವುದು.

ಇದಕ್ಕೆ ಒಂದು ಆಕ್ಷೇಪಣೆಯುಂಟು, ಅದು ಉಪೇಕ್ಷಿಸತಕ್ಕದ್ದಲ್ಲ. ಆರು ದಿನ ದುಡಿದು ದಣಿದವನು ಏಳನೆಯ ದಿನ ಹೆಂಡತಿ ಮಕ್ಕಳೊಡನೆ ಬರುವುದು ಮನಸ್ಸಿನ ಹಗುರಕ್ಕಾಗಿ. ಅವನ ತಲೆಯ ಮೇಲೆ ಚರಿತ್ರೆಯ ಮೂಟೆಯನ್ನು ಹೊರಿಸುವುದು ನ್ಯಾಯವೇ? ಆನಂದಕ್ಕೆ ಪರೀಕ್ಷೆ ಬೇಕಿಲ್ಲವೆಂಬುದು ನಿಜ. ಆದರೆ ನೋಡುವವನು ಕೇವಲ ಅತಿಥಿಯಾಗಿದ್ದರೆ ಮಾತ್ರ ಈ ವಾದ ನಿಲ್ಲುವುದು. ಬ್ಲಫ್‌ಗೆ ಬರುವವನು ಅತಿಥಿಯಲ್ಲ, ಸಾಲಗಾರ. ಜಲಪಾತದ ಮೇಲ್ಗಡೆಯೇ ಹೊಳೆಯ ನೀರನ್ನು ನಾಲೆಗೆ ತಿರುಗಿಸಿ, ದಿಬ್ಬದ ತುದಿಗೆ ತಂದು, ಸುಮಾರು 400 ಅಡಿ ಕೆಳಗೆ ಕೊಳವೆಗಳಲ್ಲಿ ಇಳಿಸಿ, ದಿವಾನ್ ಶೇಷಾದ್ರಿ ಅಯ್ಯರ್ ಅವರ ಕಾಲದಲ್ಲಿ ಆರಂಭವಾದ ಪವರ್ ಹೌಸು 1902ರಲ್ಲಿ 92 ಮೈಲಿ ದೂರದ ಕೋಲಾರದ ಚಿನ್ನದ ಗಣಿಗಳಿಗೆ ವಿದ್ಯುತ್ತನ್ನು ಕಳುಹಿಸಿತು. 1905ರಲ್ಲಿ ಬೆಂಗಳೂರಿನ ಬೀದಿಗಳಲ್ಲಿ ದೀಪ ಹತ್ತಿದುದು ಇದೇ ನೀರಿನಿಂದ. ಆ ತಂತಿಗಳು ಆಗ ಸುತ್ತಲಿನ ಹಳ್ಳಿಗಳ ಎಣ್ಣೆಬುಡ್ಡಿಗಳ ನೆತ್ತಿಯ ಮೇಲೆಯೇ ಹಾದುಹೋದುವೆಂಬುದೂ ಈ ಲೆಕ್ಕದಲ್ಲಿ ಸೇರತಕ್ಕದ್ದು. ಕನ್ನಂಬಾಡಿಯ ಅಣೆಕಟ್ಟನ್ನು ಕಟ್ಟುವಾಗ ಮುಂದಿದ್ದ ಉದ್ದೇಶಗಳಲ್ಲಿ ಈ ಯಂತ್ರಗಳಿಗೆ ವರ್ಷವಿಡೀ ನೀರು ಒದಗಿಸುವುದೂ ಒಂದು. ಹೀಗಿರಲು, ಬೆಂಗಳೂರಿನಿಂದ ಬಂದು “ನೀರಿಲ್ಲ” ಎಂದು ಮುನಿಯುವವನ ಮುನಿಸು, ತನ್ನ ಮನೆಗೆ ಬಂದ ಧಾನ್ಯಕ್ಕೆ ಹೊಲ ಬೋಳಾಯಿತೆಂದು ಆಕ್ಷೇಪಿಸುವವನ ಮುನಿಸಿನಂತಹುದು. ಋಣವನ್ನು ಅರಿತವನ ಆನಂದ ಕುಂದುವುದಿಲ್ಲ. ಅದಕ್ಕೆ ಕೇವಲ ಬೆರಗು ಕೊಡಲಾರದ ಒಂದು ಗಾಂಭೀರ್ಯ ಒದಗುವುದು.

ನಮ್ಮ ಹಿರಿಯರಿಗೆ ಈ ಅರಿವು ಬೇರೊಂದು ರೂಪದಲ್ಲಿದ್ದಿತು. ಶ್ರೀರಂಗಪಟ್ಟಣದ ಆದಿರಂಗ, ಇಲ್ಲಿಯ ಮಧ್ಯರಂಗ, ಶ್ರೀರಂಗದ ಅಂತ್ಯರಂಗ ಎಂದು ಮೂರು ನಡುಗಡ್ಡೆಗಳನ್ನು ಒಂದೇ ಸೂತ್ರದಲ್ಲಿ ಪೋಣಿಸಿದವರು, ಸ್ಥಳವನ್ನು ಬಿಡಿಯಾಗಿ ನೋಡಲಾಗದು, ಹೊಳೆಯೊಡನೆ ಕೂಡಿಸಿಯೇ ನೋಡಬೇಕೆಂಬ ಶಿಕ್ಷಣವನ್ನು ಯಾತ್ರಿಕನಿಗೆ ಕೊಟ್ಟರು. ಆದರೂ ಯಾತ್ರಿಕನನ್ನು ಆದರ್ಶವೆಂದು ಎತ್ತಿಹಿಡಿಯಲು ನನಗೆ ಮನಸ್ಸು ಬಾರದು. ಮೂರು ದರ್ಶನಗಳನ್ನು ಸೂರ್ಯಾಸ್ತದೊಳಗೆ ಮುಗಿಸುವ ತ್ವರೆಯಲ್ಲಿ ಅವನು ಸಹ ನಡುವಿನ ದಾರಿಯನ್ನು ಕಾಣನು. ಜಲಪಾತದ ಅಂಚಿನಲ್ಲಿಯೇ ಇರುವ ದರ್ಗಾಕ್ಕೆ ಹರಕೆ ಹೊತ್ತು ಬರುವ ಜನರನ್ನೂ ಕಾಣನು. ಯಾತ್ರಿಕನಿಗೆ ಪುಣ್ಯದ ಲೆಕ್ಕ, ಪ್ರವಾಸಿಗೆ ದೃಶ್ಯದ ಲೆಕ್ಕ. ತನಗೆ ಬರಬೇಕಾದುದನ್ನು ಎಣಿಸುವವರೇ ಇಬ್ಬರೂ. ತಾನು ಪಡೆದುದನ್ನು ಎಣಿಸುವವನು ವಿರಳ.

ಹಾಗೆ ಎಣಿಸಲು ಮನಸ್ಸುಳ್ಳವನಿಗೆ ಯಾವ ಋತು ಯೋಗ್ಯವೆಂದು ಕೇಳಿದರೆ, ನಾನು ಲೋಕಾಭಿಪ್ರಾಯಕ್ಕೆ ವಿರುದ್ಧವಾಗಿ ಬೇಸಗೆಯನ್ನೇ ಸೂಚಿಸುವೆನು. ತುಂಬಿದ ಹೊಳೆ ತನ್ನನ್ನಲ್ಲದೆ ಬೇರೇನನ್ನೂ ತೋರಿಸದು. ನೀರು ಇಳಿದಾಗ ಹೊಸ ಸೇತುವೆಯ ಮೇಲೆ ನಿಂತರೆ, ಪಕ್ಕದ ಹಳೆಯ ಸೇತುವೆಯ ಕಲ್ಲುಕಂಬಗಳು ಬಂಡೆಯಲ್ಲಿ ಬುಡವೂರಿರುವ ಬಗೆ ಕಾಣುವುದು. ಗಂಗರಾಜನ ಜನರು ಕಂದಕವೆಂದು ನಂಬಿದ್ದ ಹೊಳೆಯ ತಳ ಕಾಣುವುದು. ಗಗನಚುಕ್ಕಿಯ ಒಣಬಂಡೆಗಳಲ್ಲಿ, ನಾಲೆಗೆ ತಿರುಗಿ ನಮ್ಮ ಮನೆಗಳಿಗೆ ಬಂದ ನೀರಿನ ಗುರುತು ಕಾಣುವುದು. ಬಂದದ್ದು ದಂಡವೆಂದು ಬಸ್ಸು ಹತ್ತಿದವನು, ಇನ್ನೊಂದು ಗಳಿಗೆ ನಿಂತಿದ್ದರೆ, ಇವೆಲ್ಲವನ್ನೂ ನೋಡುತ್ತಿದ್ದನು.