ಪರದೆಗೊಂದು ಪೀಠ

ನಮ್ಮ ಹಿರಿಯರು ಗ್ರಂಥವನ್ನು ನೆಲದ ಮೇಲಿಟ್ಟು ಓದುತ್ತಿರಲಿಲ್ಲ. ಅದಕ್ಕೆಂದೇ ವ್ಯಾಸಪೀಠವಿರುತ್ತಿತ್ತು. ಗ್ರಂಥಕ್ಕೆ ಗೌರವ ಸಲ್ಲುವುದರ ಜೊತೆಗೆ, ಗಂಟೆಗಟ್ಟಲೆ ಪಾರಾಯಣ ಮಾಡುವವರ ಕೊರಳಿಗೂ ಅದರಿಂದ ಸೌಕರ್ಯವಾಗುತ್ತಿತ್ತು. 2020ರ ಸಾಂಕ್ರಾಮಿಕ ರೋಗದ ಕಾಲದಿಂದೀಚೆಗೆ ಉಮರ್ಗಾ, ನಿಲಂಗಾ, ಉದಗೀರದ ಎಷ್ಟೋ ಮನೆಗಳೊಳಗೆ ಪಾಠವೂ ಕಚೇರಿಯ ಕೆಲಸವೂ ಕಾಲಿರಿಸಿವೆ. ಆದರೆ ಕಂಪ್ಯೂಟರಿಗೆ ಸಾವಿರಾರು ರೂಪಾಯಿ ತೆತ್ತವರು ಅದರ ಪರದೆಗೆ ತಕ್ಕ ಪೀಠವನ್ನು ಯೋಚಿಸುವುದು ವಿರಳ. ಬಾಗಿದ ಬೆನ್ನಿನಿಂದ ದಿನವೂ ಮೂರು ತಾಸು ಕೂರುವ ಮಗುವಿನ ನೋವು ನಮಗೆ ತಡವಾಗಿ ತಿಳಿಯುತ್ತದೆ.

ಮೊದಲು ಅಳತೆಯನ್ನು ಅರಿಯೋಣ. ನೆಟ್ಟಗೆ ಕುಳಿತಾಗ ಪರದೆಯ ಮೇಲಂಚು ಕಣ್ಣಿನ ಮಟ್ಟದಲ್ಲಿ, ಇಲ್ಲವೆ ತುಸು ಕೆಳಗೆ ಇರಬೇಕು. ಬೈಫೋಕಲ್ ಕನ್ನಡಕ ಧರಿಸುವ ಹಿರಿಯರಿಗೆ ಅದು ಇನ್ನಷ್ಟು ತಗ್ಗಿನಲ್ಲಿದ್ದರೆ ಹಿತ. ಪರದೆಗೂ ಕಣ್ಣಿಗೂ ನಡುವೆ ತೋಳು ಚಾಚಿದಷ್ಟು, ಅಂದರೆ ಸುಮಾರು 50ರಿಂದ 70 ಸೆಂಟಿಮೀಟರ್ ಅಂತರವಿರಲಿ. ಕಿಟಕಿಯು ಪರದೆಯ ಎದುರಿಗಾಗಲಿ ಹಿಂದಾಗಲಿ ಇರದೆ ಪಕ್ಕಕ್ಕಿರಲಿ. ಎರಡು ಪರದೆಗಳಿದ್ದರೆ ಹೆಚ್ಚು ಬಳಸುವುದನ್ನು ನೇರ ಮುಂದಕ್ಕೂ ಇನ್ನೊಂದನ್ನು ಓರೆಯಾಗಿ ಮಗ್ಗುಲಿಗೂ ಇರಿಸಿರಿ.

ಎತ್ತರವನ್ನು ಸಾಧಿಸಲು ಅತಿ ಸುಲಭದ ಉಪಾಯವೆಂದರೆ ಊಟದ ಮಣೆ. ಪರದೆಯ ಪಾದವನ್ನು ಅಗಲವಾದ ಗಟ್ಟಿ ಮಣೆಯ ಮೇಲಿಟ್ಟರೆ ಖರ್ಚೇ ಇಲ್ಲ. ಲ್ಯಾಪ್‌ಟಾಪನ್ನು ಹೀಗೆ ಏರಿಸಿದಾಗ ಮಾತ್ರ ಕೀಲಿಮಣೆಯನ್ನು ಬೇರೆಯಾಗಿ ಜೋಡಿಸಿಕೊಳ್ಳಬೇಕು.

ತಂದೆಯೂ ಹತ್ತು ವರ್ಷದ ಮಗಳೂ ಒಂದೇ ಮೇಜಿನಲ್ಲಿ ಕೂರುವ ಮನೆಗೆ ಏರಿಳಿಸಬಲ್ಲ ಲೋಹದ ತೋಳು ಲೇಸು. ಅಂಗಡಿಗಳಲ್ಲಿ ಇದನ್ನು ಮಾನಿಟರ್ ಆರ್ಮ್ ಎನ್ನುತ್ತಾರೆ. ಕೊಳ್ಳುವ ಮುನ್ನ ಪರದೆಯ ಬೆನ್ನನ್ನು ನೋಡಿರಿ. ಅಲ್ಲಿ ಚೌಕಾಕಾರವಾಗಿ ನಾಲ್ಕು ರಂಧ್ರಗಳಿದ್ದು, ಅವುಗಳ ನಡುವಣ ಅಂತರ ಸಾಮಾನ್ಯವಾಗಿ 75 ಅಥವಾ 100 ಮಿಲಿಮೀಟರ್ ಇರುತ್ತದೆ. ವೆಸಾ ಎಂಬ ಸಂಸ್ಥೆ ಗೊತ್ತುಪಡಿಸಿದ ಈ ಅಳತೆಯನ್ನು ಬಹುಪಾಲು ತಯಾರಕರು ಪಾಲಿಸುತ್ತಾರೆ. ರಂಧ್ರಗಳೇ ಇಲ್ಲದ ಪರದೆಗಳೂ ಉಂಟು. ಪರದೆಯ ತೂಕವನ್ನು ತೋಳು ಹೊರಬಲ್ಲುದೇ ಎಂಬುದನ್ನೂ ವಿಚಾರಿಸಿರಿ. ಹೆಚ್ಚು ಉದ್ದದ ತಿರುಪನ್ನು ಬಿಗಿದರೆ ಅದು ಒಳಭಾಗಕ್ಕೆ ತಾಗಿ ಪರದೆಯೇ ಕೆಡಬಹುದು.

ಮೇಜಿನ ಹಲಗೆಯೂ ಮುಖ್ಯ. ಸಾಗವಾನಿ ಹಲಗೆ ಕ್ಲ್ಯಾಂಪಿನ ಬಿಗಿತವನ್ನು ತಡೆಯುತ್ತದೆ. ಮರದ ಪುಡಿಯನ್ನು ಒತ್ತಿ ಮಾಡಿದ ಅಗ್ಗದ ಹಲಗೆ ಅಲ್ಲಿ ಕುಸಿಯಬಹುದು. ಅದರ ಮೇಲೂ ಕೆಳಗೂ ಕಬ್ಬಿಣದ ತಗಡನ್ನೋ ಪ್ಲೈವುಡ್ ತುಂಡನ್ನೋ ಇಟ್ಟು ಬಿಗಿಯಬೇಕು. ಗಾಜಿನ ಮೇಜಿಗೆ ಕ್ಲ್ಯಾಂಪ್ ಬೇಡವೇ ಬೇಡ.

ಇನ್ನು ಗೋಡೆಗೆ ತೂಗುಹಾಕುವ ವಿಚಾರ. 1993ರ ಸೆಪ್ಟೆಂಬರ್ 30ರ ನಸುಕಿನಲ್ಲಿ ಕಿಲ್ಲಾರಿ, ಸಾಸ್ತೂರುಗಳ ಕಡೆ ಭೂಮಿ ನಡುಗಿದಾಗ ಕಲ್ಲು-ಮಣ್ಣಿನ ಗೋಡೆಗಳೂ ಭಾರದ ಮಾಳಿಗೆಗಳೂ ಕುಸಿದು ಸಾವಿರಾರು ಜನ ಮಡಿದರು. ಆ ನೆಲದಲ್ಲಿ ಬಾಳುವ ನಾವು ಹಳೆಯ ವಾಡೆಗಳ ಮಣ್ಣುಗಾರೆಯ ಗೋಡೆಗೆ ಮೊಳೆ ಹೊಡೆದು ಪರದೆಯನ್ನು ನೇತುಹಾಕಬಾರದು. ಕಾಂಕ್ರೀಟಿನ ಅಥವಾ ಸಿಮೆಂಟಿನಲ್ಲಿ ಕಟ್ಟಿದ ಗಟ್ಟಿ ಇಟ್ಟಿಗೆಯ ಗೋಡೆಯಾದರೆ ತಕ್ಕ ಆಂಕರ್ ಬೋಲ್ಟುಗಳಿಂದ ಬಿಗಿಸಬಹುದು. ಎಲ್ಲಿಯೇ ಆದರೂ ಮಗು ಮಲಗುವ ಹಾಸಿಗೆಯ ತಲೆಭಾಗದಲ್ಲಿ ಬೇಡ. ಮೇಜಿನ ಮೇಲಿರುವ ಪರದೆಗೂ ಅದು ಮುಂದಕ್ಕೆ ಮಗುಚದಂತೆ ಹಿಂದಿನಿಂದ ಒಂದು ಪಟ್ಟಿ ಕಟ್ಟಿರಲಿ.

ಅಂಗಡಿಗೆ ಹೋಗುವ ಮೊದಲು ಮಗುವನ್ನು ಮೇಜಿನ ಮುಂದೆ ನೆಟ್ಟಗೆ ಕೂರಿಸಿ, ಕುರ್ಚಿಯಿಂದ ಕಾಲು ನೆಲಕ್ಕೆ ಎಟುಕದಿದ್ದರೆ ಕೆಳಗೊಂದು ಮಣೆಯಿಟ್ಟು, ಕಣ್ಣಿನ ಮಟ್ಟವನ್ನು ಗೋಡೆಯ ಮೇಲೆ ಸೀಮೆಸುಣ್ಣದಿಂದ ಗುರುತಿಸಿರಿ. ಮಗು ಬೆಳೆದಂತೆ ಆರು ತಿಂಗಳಿಗೊಮ್ಮೆ ಆ ಗೆರೆಯನ್ನು ಹೊಸದಾಗಿ ಎಳೆದು, ಪರದೆಯನ್ನೂ ಅದಕ್ಕೆ ಸರಿಯಾಗಿ ಏರಿಸಿರಿ.