ಇಸವಿಗಳನ್ನು ಮಕ್ಕಳೇ ಅಳೆಯಲಿ

ಏಳನೆಯ ತರಗತಿಯ ಮಕ್ಕಳಿಗೆ ಇಮ್ಮಡಿ ಪುಲಕೇಶಿಯೂ ಗೊತ್ತು, ಕೃಷ್ಣದೇವರಾಯನೂ ಗೊತ್ತು. ಇಬ್ಬರ ನಡುವೆ ಎಷ್ಟು ಕಾಲ ಸರಿದಿತ್ತು ಎಂದು ಕೇಳಿದರೆ ಮಾತ್ರ ತರಗತಿ ಸುಮ್ಮನಾಗುತ್ತದೆ. ತಪ್ಪು ಮಕ್ಕಳದಲ್ಲ. ಅಂಗಡಿಯಲ್ಲಿ ಸಿಗುವ ಬಣ್ಣದ ಚಾರ್ಟುಗಳಲ್ಲಿ ರಾಜವಂಶಗಳೆಲ್ಲ ಸಮ ಅಂತರದಲ್ಲಿ ಸಾಲಾಗಿ ನಿಂತಿರುತ್ತವೆ. ಅದನ್ನು ನೋಡಿ ಕಾಲದ ಅಳತೆ ಯಾರಿಗೆ ತಾನೇ ತಿಳಿದೀತು?

ಅದಕ್ಕೇ ನಾನು ಕಾಲರೇಖೆಯನ್ನು ಮಕ್ಕಳ ಕೈಯಿಂದಲೇ ಮಾಡಿಸುತ್ತೇನೆ. ಹಳೆಯ ಕ್ಯಾಲೆಂಡರಿನ ಹಾಳೆ, ಗೋಂದು, ಸ್ಕೇಲು, ಸ್ಕೆಚ್ ಪೆನ್ನು ಇದ್ದರೆ ಸಾಕು. ನೂರು ವರ್ಷಕ್ಕೆ 20 ಸೆಂಟಿಮೀಟರ್. ಅಶೋಕನಿಂದ ಇಂದಿನವರೆಗೆ ಸುಮಾರು ನಾಲ್ಕೂವರೆ ಮೀಟರ್ ಪಟ್ಟಿಯಾಗುತ್ತದೆ. ಶಾಲೆಯ ವರಾಂಡದ ಗೋಡೆಗೆ ಸರಿಹೋಗುತ್ತದೆ. ಪುಲಕೇಶಿಯ ಕಾಲದ ಐಹೊಳೆ ಶಾಸನದ 634ರಿಂದ ಕೃಷ್ಣದೇವರಾಯ ಪಟ್ಟಕ್ಕೆ ಬಂದ 1509ರವರೆಗೆ ಅಳೆದರೆ 175 ಸೆಂಟಿಮೀಟರ್. ಅಲ್ಲಿಂದ ನಮ್ಮವರೆಗೆ ಒಂದು ಮೀಟರಿಗೆ ತುಸು ಹೆಚ್ಚು, ಅಷ್ಟೇ. "ಸರ, ಕೃಷ್ಣದೇವರಾಯಗ ಪುಲಕೇಶಿಗಿಂತ ನಾವ ಹತ್ತಿರ ಅದೀವ್ರೀ!" ಎಂದು ಹುಡುಗಿಯೊಬ್ಬಳು ಕೂಗಿದಳು. ನಾನು ಹೇಳಿಕೊಟ್ಟಿದ್ದಲ್ಲ, ಸ್ಕೇಲು ಹಿಡಿದು ಅವಳೇ ಕಂಡುಕೊಂಡದ್ದು. ತಮ್ಮ ಹನ್ನೆರಡು ವರ್ಷದ ಬದುಕು ಎರಡೂವರೆ ಸೆಂಟಿಮೀಟರ್ ಕೂಡ ಇಲ್ಲವೆಂದು ನೋಡಿದಾಗ ಮಕ್ಕಳ ಮುಖ ನೋಡಬೇಕು.

ಕ್ರಿಸ್ತಪೂರ್ವದ ಲೆಕ್ಕ ಮಕ್ಕಳನ್ನು ತುಂಬ ಕಾಡುತ್ತದೆ. ಕ್ರಿ.ಪೂ. 268ರ ಸುಮಾರಿಗೆ ಆಳತೊಡಗಿದ ಅಶೋಕ 232ರ ಸುಮಾರಿಗೆ ತೀರಿಕೊಂಡ ಎಂದರೆ ಅವರಿಗೆ ಅದು ಉಲ್ಟಾ. ಪಟ್ಟಿಯ ಮೇಲೆ ಬೆರಳಿಟ್ಟು ನಡೆಸಿದರೆ ಗೊಂದಲ ತಾನಾಗಿ ಬಿಡಿಸಿಕೊಳ್ಳುತ್ತದೆ.

ಇನ್ನೊಂದು ಪಾಠ ಇದಕ್ಕಿಂತ ದೊಡ್ಡದು. ಹಲ್ಮಿಡಿ ಶಾಸನದಲ್ಲಿ ಇಸವಿಯಿಲ್ಲ. ಸುಮಾರು 450 ಎನ್ನುವುದು ವಿದ್ವಾಂಸರ ಅಂದಾಜು. ಅದಕ್ಕೆ ಚುಕ್ಕೆ ಇಡಬೇಡಿ, ಪೆನ್ಸಿಲಿನಲ್ಲಿ ತೆಳುವಾಗಿ ಅಗಲ ಗೆರೆ ಎಳೆಯಿರಿ ಎನ್ನುತ್ತೇನೆ. ಐಹೊಳೆಯ ಮೇಗುಟಿ ಗುಡಿಯಲ್ಲಿ ಕವಿ ರವಿಕೀರ್ತಿ ಶಕವರ್ಷ 556 ಎಂದು ಕಲ್ಲಿನಲ್ಲೇ ಬರೆಸಿದ್ದಾನೆ. ಮಕ್ಕಳು ಅದಕ್ಕೆ 78 ಕೂಡಿಸಿ ಗಟ್ಟಿ ಚುಕ್ಕೆ ಇಡುತ್ತಾರೆ. ಮಹಾಭಾರತ ಯುದ್ಧವಾಗಿ 3735 ವರ್ಷ ಎಂದೂ ಅದೇ ಶಾಸನದಲ್ಲಿದೆ. ಅದು ಆ ಕಾಲದವರ ನಂಬಿಕೆಯ ಲೆಕ್ಕ, ನಮ್ಮ ಪಟ್ಟಿಗೆ ಬರುವುದಿಲ್ಲ. ಯಾಕೆ ಬರುವುದಿಲ್ಲ ಎಂಬ ಚರ್ಚೆಗೆ ಒಂದು ಪೀರಿಯಡ್ ಪೂರ್ತಿ ಹೋದರೂ ನನಗೆ ಬೇಸರವಿಲ್ಲ. ಆಧಾರ ಎಂದರೇನು ಎಂಬುದನ್ನು ಮಕ್ಕಳು ಕಲಿಯುವುದು ಅಲ್ಲಿಯೇ.

ಪೋಷಕರೇ, ಪ್ರಾಜೆಕ್ಟ್ ಎಂದೊಡನೆ ಸೈಬರ್ ಸೆಂಟರಿಗೆ ಓಡಿ ಪ್ರಿಂಟ್ ತೆಗೆಸಿಕೊಡಬೇಡಿ. ಗೆರೆ ಸೊಟ್ಟಗಾದರೂ ಮಗುವೇ ಎಳೆಯಲಿ. ಪ್ರಶ್ನೆಪತ್ರಿಕೆ ತಯಾರಿಸುವ ಗುರುಗಳಲ್ಲಿ ನನ್ನ ಕೋರಿಕೆ ಇಷ್ಟು: ಯಾವ ಇಸವಿ ಎಂದು ಕೇಳುವ ಕಡೆ ಒಮ್ಮೆಯಾದರೂ, ಯಾರು ಮೊದಲು, ಎಷ್ಟು ವರ್ಷ ಮೊದಲು ಎಂದು ಕೇಳಿ.